ಅಪ್ಪ ಓದಿದ ಇಟಲಿಯ ಕುದುರೆ ಸವಾರ

ಇವತ್ತು ಇಲ್ಲಿ ಗಲ್ಫಿನಲ್ಲಿ, ಫಹಾಹೀಲ್‌ನ ಹಳೆ ಪುಸ್ತಕದಂಗಡಿಯಲ್ಲಿ ಹಳದಿಗಟ್ಟಿದ ಕಾಗದದ ವಾಸನೆ ಬಡಿದದ್ದೇ ನಾನು ಹುಡುಗಿಯಾಗಿದ್ದಾಗ ನಾವಿದ್ದ ಮಂಗಫ್‌ನ ಫ್ಲ್ಯಾಟು ನೆನಪಾಯಿತು. ಅಮ್ಮ ತೀರಿಕೊಂಡ ಮೇಲೆ ಅಲ್ಲಿ ಅಪ್ಪ, ನಾನು ಇಬ್ಬರೇ.

ರಿಫೈನರಿಯಲ್ಲಿ ಅಪ್ಪನ ಜೊತೆಗಿದ್ದ ಇಟಲಿಯ ಇಂಜಿನಿಯರೊಬ್ಬರು ನನಗೆಂದು ತಮ್ಮ ಹಳೆಯ ಕೌಬಾಯ್ ಕಾಮಿಕ್ಸ್ ಕಳಿಸುತ್ತಿದ್ದರು. ಅಪ್ಪ ದಿನಾ ಕಂಪನಿ ಬಸ್ಸಿಳಿದು ಬಂದು, ಚಿತ್ರಗಳ ಮೇಲೆ ಬೆರಳಾಡಿಸುತ್ತಾ ಕಥೆ ಓದುತ್ತಿದ್ದರು. ಪ್ರತಿ ಸಲವೂ ಕೊನೆಗೆ ಸವಾರ ಮನೆ ಮುಟ್ಟುತ್ತಿದ್ದ, ಹೆಂಡತಿ ಬಾಗಿಲು ತೆರೆಯುತ್ತಿದ್ದಳು.

ಒಂದು ಶುಕ್ರವಾರ ಆ ಇಂಜಿನಿಯರ್ ಮನೆಗೆ ಬಂದರು. ಸವಾರನ ಹೆಂಡತಿಯ ಹೆಸರೇನೆಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ನಕ್ಕರು. "ಇವನಿಗೆ ಮನೆಯೇ ಇಲ್ಲ. ನನ್ನ ಅಪ್ಪ ಹುಡುಗನಾಗಿದ್ದಾಗಿನಿಂದ ಈ ಪುಸ್ತಕ ಬರುತ್ತಿದೆ. ಚಿತ್ರ ಬರೆಯುವವರು ಎಷ್ಟೋ ಜನ ಬದಲಾದರು. ಇವನು ಮಾತ್ರ ಒಬ್ಬನೇ ಹೋಗುತ್ತಲೇ ಇದ್ದಾನೆ."

ಚಹಾ ತಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

ಇಂಜಿನಿಯರ್ ಹೋದ ಮೇಲೆ ನಾನು ಅವರು ಅಂದು ತಂದಿದ್ದ ಪುಸ್ತಕವನ್ನು ಅಪ್ಪನ ಮಡಿಲಲ್ಲಿಟ್ಟೆ.

"ನಂಗೆ ಇಟಾಲಿಯನ್ ಓದ್ಲಿಕ್ಕೆ ಬರುದಿಲ್ಲ ಮಗಾ," ಅಂದರು.

"ಗೊತ್ತುಂಟು. ಆದ್ರೂ ಓದಿ."

ಅಪ್ಪ ಮೊದಲ ಪುಟ ತೆರೆದು ಚಿತ್ರದ ಮೇಲೆ ಬೆರಳಿಟ್ಟರು. ಆಮೇಲೆ ಶುರುಮಾಡಿದರು. ಅಂದಿನ ಕಥೆಯಲ್ಲಿ ಸವಾರನ ಬೆನ್ನಿಗಾತುಕೊಂಡು ಒಬ್ಬಳು ಪುಟ್ಟ ಹುಡುಗಿ ಕುದುರೆ ಮೇಲೆ ಕೂತಿದ್ದಳು.

ಈಗ ಅಪ್ಪನೂ ಇಲ್ಲ. ನಾನು ನಗರದ ಶರ್ಕ್‌ನ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಒಬ್ಬಳೇ ಮನೆಗೆ ಹೋಗುತ್ತೇನೆ.