ಮೂರನೆಯ ಕರೆ

ಕಳೆದ ಬೇಸಿಗೆಯಲ್ಲಿ ಆಫೀಸಿನವರೆಲ್ಲ ಸೇರಿ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ಗೇಟು ದಾಟುತ್ತಿದ್ದಂತೆ ಮೂಗಿಗೆ ಬಡಿದದ್ದು ಕ್ಲೋರಿನ್ ವಾಸನೆ. ಉಳಿದವರಿಗೆ ಅದು ರಜೆಯ, ಗಲಾಟೆಯ, ಒದ್ದೆ ಬಟ್ಟೆಯ ವಾಸನೆಯಾಗಿರಬೇಕು. ನನಗೆ ಅದು ಭದ್ರಾವತಿಯ ಕಾಗದನಗರದ ವಾಸನೆ. ಬಿದಿರು, ನೀಲಗಿರಿ ಬೇಯಿಸಿದ ತಿರುಳನ್ನು ಬಿಳುಪು ಮಾಡುವಾಗ ಕಾರ್ಖಾನೆಯಿಂದ ಹೊರಡುತ್ತಿದ್ದ ಗಾಳಿ ಅಲ್ಲಿನ ಕ್ವಾರ್ಟರ್ಸ್‌ಗಳ ಗೋಡೆಗೆ, ದಿಂಬಿಗೆ, ಒಣಹಾಕಿದ ಬಟ್ಟೆಗೆ ಹತ್ತಿಕೊಂಡೇ ಇರುತ್ತಿತ್ತು. ನನ್ನ ಲಲಿತತ್ತೆಯ ಸೆರಗಿನಲ್ಲೂ ಅದೇ ವಾಸನೆ. ಕಾರ್ಖಾನೆ ನಿಂತ ಮೇಲೆ ಹೊರಗಿನ ಗಾಳಿ ತಿಳಿಯಾಯಿತು. ಆದರೆ ಅತ್ತೆಯ ಬೀರುವಿನ ಬಾಗಿಲು ತೆಗೆದರೆ ಅದು ಒಳಗೆ ಮಡಚಿಟ್ಟ ಹಾಗೆ ಇತ್ತು. ನಾನು ಆ ದಿನ ನೀರಿಗೆ ಇಳಿಯಲಿಲ್ಲ. ದಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲರ ಬ್ಯಾಗು ಕಾದೆ. "ಪಾರ್ಕಿಗೆ ಬಂದು ಪಾರ್ಕಿನ ಹೊರಗೇ ಕೂತಿದೀಯಲ್ಲೇ" ಎಂದು ಗೆಳತಿಯೊಬ್ಬಳು ಅಣಕಿಸಿದಳು. ನಮ್ಮ ಮನೆಯ ರಜೆಗಳೆಲ್ಲ ಕಳೆದದ್ದೇ ಹಾಗೆ ಎಂದು ಅವಳಿಗೆ ಹೇಳಲಿಲ್ಲ.

ನಾವಿದ್ದದ್ದು ಶಿವಮೊಗ್ಗದ ಆಲ್ಕೊಳದಲ್ಲಿ. ನನ್ನ ತಮ್ಮ ಪುಟ್ಟ ನನಗಿಂತ ಬಹಳ ಚಿಕ್ಕವನು. ಬೇಸಿಗೆ ರಜೆ ಬಂತೆಂದರೆ ಅವನದು ಒಂದೇ ಹಟ, ಟಿವಿಯಲ್ಲಿ ತೋರಿಸುವ ನೀರಿನ ಪಾರ್ಕು. ಅಪ್ಪನ ಹತ್ತಿರ ಪ್ರತಿ ವರ್ಷವೂ ಬೇರೆ ಬೇರೆ ಉತ್ತರವಿರುತ್ತಿತ್ತು. "ಪಾರ್ಕ್ ಎಲ್ಲಿಗೂ ಓಡ್ಹೋಗಲ್ಲ ಮಾರಾಯ. ಈ ಸಲ ಹುಲಿ ನೋಡ್ಕೊಂಡು ಬರೋಣ" ಎನ್ನುತ್ತಿದ್ದರು. ತ್ಯಾವರೆಕೊಪ್ಪದಲ್ಲಿ ಜಾಲರಿ ಹಾಕಿದ ಬಸ್ಸಿನೊಳಗೆ ಕೂತು, ನಮ್ಮನ್ನು ನೋಡಲು ಇಷ್ಟವಿಲ್ಲದ ಹುಲಿಗಳನ್ನು ನೋಡಿದೆವು. ಸೋಗಾನೆಗೆ ಹೋಗಿ, ಮುಂದೆಂದೋ ವಿಮಾನ ಇಳಿಯುತ್ತದೆ ಎನ್ನುತ್ತಿದ್ದ ಬಯಲಿನಲ್ಲಿ ನಿಂತು ಪುಳಿಯೋಗರೆ ತಿಂದೆವು. ವಿಮಾನ ಬರಲು ಇನ್ನೂ ಎಷ್ಟೋ ವರ್ಷವಿತ್ತಾದ್ದರಿಂದ ಪುಟ್ಟ ಕೈಗಳನ್ನು ಅಗಲಿಸಿ ತಾನೇ ಇಳಿದ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದರೂ ಆನೆಗಳ ಸ್ನಾನ ಮುಗಿದು ಅವುಗಳ ಬೆನ್ನು ಒಣಗುವ ಹೊತ್ತಿಗೇ ನಾವು ಮುಟ್ಟುತ್ತಿದ್ದೆವು. ದೊಡ್ಡವಳಾಗುತ್ತ ನನಗೊಂದು ವಿಷಯ ಹೊಳೆಯಿತು. ತುಂಗೆ, ಭದ್ರೆ ಎರಡೂ ಹರಿಯುವ ಜಿಲ್ಲೆಯಲ್ಲಿ ಅಪ್ಪ ನಮ್ಮನ್ನು ಒಮ್ಮೆಯೂ ನೀರಿಗೆ ಕಾಲಿಡುವಷ್ಟು ಹತ್ತಿರ ಕರೆದುಕೊಂಡು ಹೋಗಿರಲಿಲ್ಲ. ಬಸ್ಸು ಸೇತುವೆಯ ಮೇಲೆ ಹೋಗುವಾಗಲೂ ಪುಟ್ಟನ ತಲೆಯನ್ನು ತಮ್ಮ ಮಗ್ಗುಲಿಗೆ ಒತ್ತಿ ಹಿಡಿಯುತ್ತಿದ್ದರು.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಪ್ಪನ ಅಕ್ಕ ಲಲಿತತ್ತೆಗೆ ಒಬ್ಬನೇ ಮಗನಿದ್ದ, ವಾಸು. ನಾನು ಹುಟ್ಟುವ ಮೊದಲು, ಒಂದು ಬೇಸಿಗೆ ರಜೆಯ ಸಂಜೆ, ಆಡಲು ಹೋದವನು ಭದ್ರಾ ನಾಲೆಯಲ್ಲಿ ಮುಳುಗಿದ. ಅತ್ತೆ ಮಾವ ಅಲ್ಲಿಂದ ಕದಲಲಿಲ್ಲ. ಮಾವನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಕಾಗದನಗರದಲ್ಲಿ ಕ್ವಾರ್ಟರ್ಸ್. ಕಾರ್ಖಾನೆ ನಿಂತ ಮೇಲೆ ಸಾಲಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಮಾವ ಆಲ್ಕೊಳದಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಬಾಡಿಗೆ ಮನೆ ನೋಡಿಟ್ಟರು. ಅತ್ತೆ ಮಾತ್ರ ಬರಲೊಲ್ಲರು. ಯಾರು ಎಷ್ಟು ಹೇಳಿದರೂ ಅವರದು ಒಂದೇ ಮಾತು: "ನಾವು ಹೋದ್ಮೇಲೆ ಅವನು ಬಂದ್ರೆ ಬಾಗಿಲು ಯಾರು ತೆಗೀತಾರೆ?" ಆ ವರ್ಷ ಪುಟ್ಟ ಪಾರ್ಕಿನ ಹಟ ಶುರುಮಾಡಿದಾಗ ಅಪ್ಪ ಅವನನ್ನು ಕೂರಿಸಿಕೊಂಡು, "ರಜಕ್ಕೆ ನೀನೂ ಅಕ್ಕನೂ ಅತ್ತೆ ಮನೆಗೆ ಹೋಗಿ. ಬರುವಾಗ ಅತ್ತೇನೂ ಕರ್ಕೊಂಡು ಬಂದ್ರೆ ಖಂಡಿತ ಪಾರ್ಕಿಗೆ ಹೋಗೋಣ" ಎಂದರು. ಮಕ್ಕಳ ಸದ್ದು ಕೇಳಿದರೆ ಅತ್ತೆಯ ಮನಸ್ಸು ತಿರುಗೀತು ಎಂಬ ಆಸೆ ಅವರಿಗೆ. ಪುಟ್ಟ ಅದನ್ನು ಒಪ್ಪಂದವೆಂದೇ ತಿಳಿದು ಗಂಭೀರವಾಗಿ ತಲೆಯಾಡಿಸಿದ.

ಮಾವ ನಮ್ಮನ್ನು ಬಸ್‌ಸ್ಟ್ಯಾಂಡಿನಿಂದಲೇ ನಗಿಸುತ್ತ ಕರೆದುಕೊಂಡು ಹೋದರು. "ಬಾರೋ, ನಮ್ಮ ಪಾರ್ಕ್ ತೋರಿಸ್ತೀನಿ. ಟಿಕೆಟ್ಟಿಲ್ಲ, ಕ್ಯೂ ಇಲ್ಲ. ಎಲ್ಲಾ ರೈಡೂ ನಿಂದೇ." ಮರಗಳ ನೆರಳಿನ ರಸ್ತೆಗಳು ನೇರವಾಗಿ ಹೋಗಿ ಯಾರನ್ನೂ ಎಲ್ಲಿಗೂ ಮುಟ್ಟಿಸದೆ ನಿಲ್ಲುತ್ತಿದ್ದವು. ಕ್ಲಬ್ಬಿನ ಷಟಲ್ ಕೋರ್ಟಿನ ಬಿಳಿ ಗೆರೆಗಳ ಮೇಲೆ ಹಾವಿನ ಪೊರೆ ಒಣಗಿ ಬಿದ್ದಿತ್ತು. ಕಾಂಪೌಂಡಿನ ಆಚೆ ಕಾರ್ಖಾನೆಯ ಉದ್ದನೆಯ ಕನ್ವೇಯರ್ ಆಕಾಶಕ್ಕೆ ಒರಗಿಸಿದ ಏಣಿಯಂತೆ ಕಾಣುತ್ತಿತ್ತು. "ಮಾವ, ಅದು ಓಡಲ್ವಾ?" ಎಂದು ಪುಟ್ಟ ಕೇಳಿದರೆ, "ಓಡಲ್ಲ. ಅದೇ ನಮ್ಮ ಪಾರ್ಕಿನ ವಿಶೇಷ ಮಾರಾಯ. ಯಾವುದೂ ಓಡಲ್ಲ, ಯಾರೂ ಬೀಳಲ್ಲ" ಎಂದರು. ಅವರು ಖಾಲಿ ಮನೆಗಳ ಮುಂದೆ ನಡೆಯುವಾಗ ಇದು ಇಂಥವರದು, ಅದು ಇಂಥವರದು ಎಂದು ಹೆಸರು ಹೇಳುತ್ತಿದ್ದರು. ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಒಳಗೆ ಯಾರೋ ನಿದ್ದೆ ಮಾಡುತ್ತಿದ್ದಾರೆ ಎಂಬಂತೆ. ಎಷ್ಟೋ ಮನೆಗಳಿಗೆ ಬಾಗಿಲೇ ಇರಲಿಲ್ಲ. ಕ್ಯಾಲೆಂಡರ್ ತೂಗಿದ್ದ ಕಡೆ ಮಾತ್ರ ಗೋಡೆ ಚೌಕವಾಗಿ ಹೊಸದಾಗಿತ್ತು. ಒಂದು ಮನೆಯ ನಡುಕೋಣೆಯಲ್ಲಿ ಹಗಲಿನಲ್ಲೇ ಬಲ್ಬು ಉರಿಯುತ್ತಿತ್ತು. ಕರೆಂಟು ಎಲ್ಲಿಂದ ಬರುತ್ತದೆಂದು ಮಾವನಿಗೂ ಗೊತ್ತಿರಲಿಲ್ಲ. ಪುಟ್ಟ ಆ ಮನೆಗಳಿಗೊಂದು ಆಟ ಕಂಡುಹಿಡಿದ. ಹೊಸ್ತಿಲಲ್ಲಿ ನಿಂತು ತನ್ನ ಹೆಸರನ್ನೇ ಕೂಗಿ, ಅದು ವಾಪಸು ಬರುವುದನ್ನು ಕೇಳುವುದು. ಯಾವ ಮನೆಯೂ ಹೆಸರನ್ನು ಕೊಟ್ಟ ಹಾಗೆಯೇ ಹಿಂತಿರುಗಿಸುತ್ತಿರಲಿಲ್ಲ. ಬಾಲ ಮಾತ್ರ ಬರುತ್ತಿತ್ತು.

ಮೊದಲ ದಿನದ ಮುಸ್ಸಂಜೆಯಲ್ಲೇ ನಾನು ಆ ಕರೆ ಕೇಳಿದೆ. ಅತ್ತೆ ದೇವರಿಗೆ ದೀಪ ಹಚ್ಚಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ನಿಂತರು. ರಸ್ತೆಯತ್ತ ನೋಡಿ, "ವಾಸೂ..." ಎಂದು ಕರೆದರು. ಆಡಲು ಹೋದ ಹುಡುಗನನ್ನು ಊಟಕ್ಕೆ ಕರೆಯುವ ದನಿ. ಅಳುವೂ ಇಲ್ಲ, ಹಂಬಲವೂ ಇಲ್ಲ, ಸ್ವಲ್ಪ ಗದರಿಕೆ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ವಾಸೂ..." ಆಮೇಲೆ ಒಳಗೆ ಬಂದು ಪುಟ್ಟನಿಗೆ ಹಾಲು ಕೊಟ್ಟರು. ಮಾವ ತಲೆಯೆತ್ತಲಿಲ್ಲ. ಮುಂಬಾಗಿಲು ಕತ್ತಲಾದ ಮೇಲೂ ಹಾಗೇ ತೆರೆದಿತ್ತು, ಅದನ್ನು ಯಾರೂ ಹಾಕುತ್ತಿರಲಿಲ್ಲ. ಬಾಗಿಲಿನಾಚೆ ಖಾಲಿ ಮನೆಗಳ ಸಾಲು. ಊಟ ಮಾಡುವಾಗ ನನ್ನ ಬೆನ್ನು ಆ ಕಡೆಗೆ ಬರದಂತೆ ಗೋಡೆಗೆ ಆತು ಕೂತೆ. ಮರುದಿನ ಬೆಳಿಗ್ಗೆ ಪುಟ್ಟ ದೋಸೆ ತಿನ್ನುತ್ತ ನೇರವಾಗಿ ಕೇಳಿಯೇಬಿಟ್ಟ, "ಅತ್ತೆ, ಯಾಕೆ ಎರಡೇ ಸಲ ಕೂಗೋದು? ಮೂರು ಸಲ ಅಲ್ವಾ?" ಅತ್ತೆ ದೋಸೆ ಮಗುಚಿ ಹಾಕಿದರು. "ಇನ್ನೊಂದು ಇದೆ ಪುಟ್ಟ. ಇಟ್ಕೊಂಡಿದೀನಿ" ಎಂದರು.

ಮೂರು ಸಲ ಎಂಬುದು ನಮ್ಮ ಮನೆಯ ರೂಢಿ. ಸಂಜೆ ಹೊತ್ತು ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಸಲಕ್ಕೆ ಓ ಎನ್ನಬಾರದು, ಎರಡನೆಯ ಸಲಕ್ಕೂ ಎನ್ನಬಾರದು. ಮನುಷ್ಯರಲ್ಲದ್ದು ಮೂರನೆಯ ಸಲ ಕರೆಯುವುದಿಲ್ಲವಂತೆ. ಅಜ್ಜಿ ಅಪ್ಪನಿಗೂ ಅತ್ತೆಗೂ ಕಲಿಸಿದ್ದರು, ಅವರು ನಮಗೆ ಕಲಿಸಿದ್ದರು. ಸಾಲಿನ ಕೊನೆಯಲ್ಲಿ ಉಳಿದಿದ್ದ ಇನ್ನೊಂದೇ ಮನೆಯ ಪಳನಿಯಮ್ಮ ಇದಕ್ಕೆ ನಗುತ್ತಿದ್ದರು. ಸಲಕ್ಕೆ ತಡವ, ಮುದ್ದಿಗೆ ಕಣ್ಣು ಎನ್ನುವ ತಮಿಳು ಬೆರೆತ ಕನ್ನಡದ, ಬಾಯಿತುಂಬ ಎಲೆಯಡಿಕೆಯ ಹೆಂಗಸು. "ನಿಮ್ ಜನಾನೇ ಹಿಂಗೆ ಕಣ್ಣು. ಊಟಕ್ ಕೂಗಿದ್ರೂ ಮೂರ್ ತಡವ ಕಾಯ್ತೀರ. ನಮ್ ಹುಡುಗ್ರು ಕೂಗೋಕ್ ಮುಂಚೇನೇ ತಟ್ಟೆ ಇಟ್ಕೊಂಡ್ ಕೂತಿರ್ತವೆ!" ಎಂದು ನುಗ್ಗೆಸೊಪ್ಪು ಬಿಡಿಸುತ್ತ ಪುಟ್ಟನ ಗಲ್ಲ ಹಿಂಡಿದರು. ಅವನು ಆಡಲು ಓಡಿಹೋದ ಮೇಲೆ ನಗು ಬಿಟ್ಟು ನನಗೆ ಹೇಳಿದರು. "ಅವತ್ತು ನಾನು ಇಲ್ಲೇ ನಿಂತಿದ್ನಲ್ಲಮ್ಮ. ನಿಮ್ಮತ್ತೆ ಎರಡ್ ತಡವ ಕೂಗಿದ್ಳು. ಹುಡುಗ ಓ ಅನ್ನಲಿಲ್ಲ. ಮೂರನೇದಕ್ಕೆ ಕಾಯ್ತಾ ಇದಾನೆ ಪೋಲಿ, ಅಂದ್ಕೊಂಡು ನಕ್ಕಳು. ಅಷ್ಟೊತ್ತಿಗೆ ಒಲೆ ಮೇಲೆ ಹಾಲು ಉಕ್ತು. ಒಳಗ್ ಓಡಿದ್ಳು. ಮೂರನೇದು ಕೂಗ್ಲೇ ಇಲ್ಲ."

"ಕೂಗಿದ್ರೆ ಅವನಿಗೆ ಕೇಳ್ತಿತ್ತಾ?" ಎಂದು ಕೇಳಿದೆ.

"ಆ ಭದ್ರಾ ಚಾನಲ್ ಎಲ್ಲಿ, ಈ ಮನೆ ಎಲ್ಲಿ! ಯಾರಿಗ್ ಕೇಳುತ್ತೆ? ನಾವೆಲ್ಲ ಹೇಳಿ ಹೇಳಿ ಸಾಕಾಯ್ತು. ಆದ್ರೆ ತಾಯಿ ಅಲ್ವಾ. ಮೂರನೇದು ಬಾಕಿ ಇರೋ ತಂಕ ಅವನಿನ್ನೂ ಆಡ್ತಾನೇ ಇದಾನೆ ಅವಳಿಗೆ. ಕೂಗಿಬಿಟ್ಟು, ಅವನು ಓ ಅನ್ನದೇ ಹೋದ್ರೆ?" ಎಂದು ಪಳನಿಯಮ್ಮ ಸೊಪ್ಪಿನ ಕಡ್ಡಿಯನ್ನು ದೂರ ಎಸೆದರು.

ಆಮೇಲಿನ ಸಂಜೆಗಳಲ್ಲಿ ನನಗೆ ಕರೆಗಿಂತ ಕರೆಯ ನಂತರದ ಹೊತ್ತೇ ಭಯವಾಗತೊಡಗಿತು. ಎರಡನೆಯ ಕರೆ ಮುಗಿದ ಮೇಲೆ ಇಡೀ ಸಾಲು ಕಿವಿಗೊಟ್ಟು ನಿಂತ ಹಾಗಿರುತ್ತಿತ್ತು. ಬೀದಿನಾಯಿಗಳು ಕೂಡ ಆ ಹೊತ್ತಿಗೆ ಬೊಗಳಿದ್ದು ನನಗೆ ನೆನಪಿಲ್ಲ. ಮಾವ ಆಲ್ಕೊಳದ ಮನೆಯ ಮಾತೆತ್ತಿದರೆ ಅತ್ತೆ ಕೇಳಿಸದವರಂತೆ ಅಕ್ಕಿ ಆರಿಸುತ್ತಿದ್ದರು. ರಜೆ ಮುಗಿಯುತ್ತ ಬಂದಿತ್ತು. ಕ್ವಾರ್ಟರ್ಸ್ ಬಿಡಲು ಕಾರ್ಖಾನೆಯವರು ಕೊಟ್ಟಿದ್ದ ಗಡುವೂ ಹತ್ತಿರವಿತ್ತು. "ಎಳ್ಕೊಂಡು ಹೋಗೋಕಾಗುತ್ತಾ ಅವಳನ್ನ?" ಎಂದು ಮಾವ ಅಪ್ಪನ ಹತ್ತಿರ ಫೋನಿನಲ್ಲಿ ಹೇಳಿ ಗೋಡೆಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ನಗಿಸುವ ಮನುಷ್ಯ ಅಳುವುದನ್ನು ನೋಡಿದ್ದು ಅದೇ ಮೊದಲು.

ಅದೇ ಸಂಜೆ. ನಾನೂ ಪುಟ್ಟನೂ ಅಂಗಳದಲ್ಲಿದ್ದೆವು. ಅವನು ಗೇಟಿನ ಸರಳುಗಳ ಮೇಲೆ ಕಾಲಿಟ್ಟು ತೂಗಾಡುತ್ತಿದ್ದ. ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಮನೆಯೊಳಗೆ ಯಾರೂ ಇರಲಿಲ್ಲ. ಅತ್ತೆ ಹೊಸ್ತಿಲಿಗೆ ಬಂದು ಒಮ್ಮೆ ಕರೆದರು, ಕಾದರು, ಎರಡನೆಯ ಸಲ ಕರೆದರು, ಒಳಗೆ ಹೋಗಲು ತಿರುಗಿದರು. ಆಗ ಪುಟ್ಟ ಗೇಟಿನಿಂದ ಇಳಿದು, ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಖಾಲಿ ಮನೆಗಳತ್ತ ಮುಖ ಮಾಡಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ: "ವಾಸೂ...!" ಅತ್ತೆಯನ್ನು ಕರೆದುಕೊಂಡು ಬರಬೇಕಾದರೆ ಬಾಕಿಯಿರುವ ಆ ಒಂದು ಕೆಲಸ ಮುಗಿಯಬೇಕು ಎಂದು ಅವನು ತನ್ನಷ್ಟಕ್ಕೆ ಲೆಕ್ಕ ಹಾಕಿದ್ದನಂತೆ.

ಯಾರೂ ಅವನನ್ನು ಬೈಯಲಿಲ್ಲ. ಅತ್ತೆ ಬಾಗಿಲಿನ ಚೌಕಟ್ಟು ಹಿಡಿದು ಹಾಗೇ ನಿಂತರು. ಆಗ "ಓ" ಎಂದು ಕೇಳಿಸಿತು. ದೊಡ್ಡದಾಗಿಯೇನಲ್ಲ, ಆಟದ ಮಧ್ಯೆ ತಲೆಯೆತ್ತದೆ ಓಗೊಡುವ ಮಗುವಿನ ಹಾಗೆ. ನಾನು ಅದನ್ನು ಮನಸ್ಸಿನಲ್ಲಿ ಎಷ್ಟು ಸಲ ತೂಗಿ ನೋಡಿದ್ದೇನೋ. ಪ್ರತಿಧ್ವನಿಯಾಗಿದ್ದರೆ ಹೆಸರಿನ ಬಾಲ 'ಊ' ಎಂದು ಬರಬೇಕಿತ್ತು. ಪ್ರತಿಧ್ವನಿಯಾಗಿದ್ದರೆ ಸಾಲಿನ ಕಡೆಯಿಂದ ಬರಬೇಕಿತ್ತು. ನಾನು ಕೇಳಿದ ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ, ಅತ್ತೆಯನ್ನೂ ದಾಟಿ, ಮನೆಯ ಒಳಗಿನಿಂದ. ಪುಟ್ಟ ಇವತ್ತಿಗೂ ತಾನಲ್ಲ ಎನ್ನುತ್ತಾನೆ. ನಾನಲ್ಲವೆಂದು ನನಗೆ ಗೊತ್ತು. ಅತ್ತೆಯೇ ಎಂದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ.

ಅತ್ತೆ ನಿಧಾನವಾಗಿ ಒಳಗೆ ತಿರುಗಿದರು. ನಡುಮನೆಯ ಕತ್ತಲೆಯತ್ತ ನೋಡಿ, ಬಹಳ ಸಹಜವಾಗಿ, "ಎಷ್ಟೊತ್ತಿಗೆ ಬಂದ್ಯೋ? ಕೈಕಾಲು ತೊಳ್ಕೋ ಹೋಗು" ಎಂದರು. ಆಮೇಲೆ ಮಾವನಿಗೆ, "ಮಕ್ಕಳನ್ನ ಒಳಗ್ ಕರ್ಕೊಂಡು ಬಾಗಿಲು ಹಾಕ್ರಿ" ಎಂದರು. ಅಷ್ಟು ವರ್ಷ ತೆರೆದೇ ಇದ್ದ ಚಿಲಕ ತುಕ್ಕು ಹಿಡಿದು ಜರುಗಲಿಲ್ಲ. ಮಾವ ಅದನ್ನು ಎಳೆದಾಡಿದರು. ನಾನೂ ಕೈ ಹಾಕಿ ತಳ್ಳಿದೆ. ಆ ರಾತ್ರಿ ಬಾಗಿಲಿನ ಹೊರಗಿನ ಭಯ ಹೋಗಿ, ಒಳಗೆ ಯಾರನ್ನೋ ಎಚ್ಚರಿಸಬಾರದೆಂಬ ಭಯ ನನ್ನಲ್ಲಿ ಬಂದು ಕೂತಿತು. ಬೆಳಗಾದಾಗ ಅತ್ತೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

ಅಪ್ಪ ಕೊಟ್ಟ ಮಾತಿನಂತೆ ಪಾರ್ಕಿಗೆ ಹೊರಡೋಣ ಎಂದಾಗ ಪುಟ್ಟನೇ ಬೇಡವೆಂದ. ಆಲ್ಕೊಳದಲ್ಲಿ ಅತ್ತೆ ಮತ್ತೆಂದೂ ಸಂಜೆ ಹೊಸ್ತಿಲಿಗೆ ಬಂದು ಯಾರನ್ನೂ ಕರೆಯಲಿಲ್ಲ. ಅತ್ತೆ, ಮಾವ, ಪಳನಿಯಮ್ಮ ಯಾರೂ ಈಗಿಲ್ಲ. ಆ ಸಾಲಿನ ಮಾಡುಗಳು ಒಳಗೆ ಕುಸಿದಿವೆಯಂತೆ. ನಾನು ಹೋಗಿ ನೋಡಿಲ್ಲ. ಆ ದಿನಗಳಿಂದ ನನ್ನಲ್ಲಿ ಸ್ಪಷ್ಟವಾಗಿ ಉಳಿದಿರುವುದು ನಾವು ಹೊರಟ ಬೆಳಿಗ್ಗೆ. ಸಾಮಾನು ತುಂಬಿದ ಟೆಂಪೋದ ಮುಂದಿನ ಸೀಟು ಉದ್ದವಾಗಿತ್ತು. ಡ್ರೈವರಿನ ಪಕ್ಕ ಮಾವ ಕೂತರು, ಬಾಗಿಲಿನ ಕಡೆ ಅತ್ತೆ. ನಾನು ಹಿಂದೆ ಸಾಮಾನಿನ ಮಧ್ಯೆ. ಪುಟ್ಟ ಅತ್ತೆಮಾವನ ನಡುವೆ ಹತ್ತಿ ಕೂರಲು ಹೋದ. ಅತ್ತೆ ಅವನನ್ನು ಮೃದುವಾಗಿ ತಡೆದರು. "ಇಲ್ಲಿ ಬೇಡ ಪುಟ್ಟ. ಮಾವನ ತೊಡೆ ಮೇಲೆ ಕೂತ್ಕೋ" ಎಂದರು. ಭದ್ರಾವತಿಯಿಂದ ಆಲ್ಕೊಳದವರೆಗೂ ಆ ಸೀಟಿನಲ್ಲಿ ಒಬ್ಬ ಹುಡುಗ ಕೂರುವಷ್ಟು ಜಾಗ ಖಾಲಿಯಿತ್ತು. ಟೆಂಪೋ ಸೇತುವೆಯ ಮೇಲೆ ಏರಿದಾಗ ಅವರ ಸೀಟಿನ ಹಿಂದಿನ ಕಿಟಕಿಯಿಂದ ಒಳಗೆ ನೋಡಿದೆ. ಅತ್ತೆಯ ಕೈ ಮೇಲೆದ್ದು, ಆ ಖಾಲಿ ಜಾಗದ ಮೇಲೆ ಬಾಗಿ, ಕಾಣದ ಯಾವುದನ್ನೋ ಮೆಲ್ಲನೆ ತಮ್ಮ ಮಗ್ಗುಲಿಗೆ ಒತ್ತಿ ಹಿಡಿಯಿತು.