ಕಿತ್ತಳೆ ಜಾಕೆಟ್ಟಿನ ಹಿಂದೆ

ಹ್ಯೂಸ್ಟನ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಪೈನ್ ಮರಗಳ ಕಾಡು ಸಿಗುತ್ತದೆ. ಚಳಿಗಾಲದ ಶನಿವಾರಗಳಲ್ಲಿ ಸ್ಟಾಫರ್ಡ್ ಕಡೆಯ ಕನ್ನಡದವರು ಗುಂಪು ಕಟ್ಟಿಕೊಂಡು ಅಲ್ಲಿ ನಡೆಯಲು ಹೋಗುತ್ತಾರೆ. ನಡೆಯುವುದು ನೆಪ. ಬೆನ್ನಿನ ಚೀಲಗಳಲ್ಲಿ ನೀರಿಗಿಂತ ಪುಳಿಯೋಗರೆ ಡಬ್ಬಿಗಳ ಭಾರವೇ ಜಾಸ್ತಿ. ಸಕ್ಕರೆ ಏರಿದೆ, ನಡೆಯಿರಿ ಎಂದು ಡಾಕ್ಟರು ಗದರಿಸಿದ ಮೇಲೆ ನಾನೂ ಸೇರಿಕೊಂಡೆ.

ಮೊದಲ ದಿನವೇ, ಕಾರು ನಿಲ್ಲಿಸುವ ಜಾಗದಲ್ಲಿ ಅವಳನ್ನು ನೋಡಿ, ವಾಪಸ್ ಹೋಗಿಬಿಡೋಣ ಎನಿಸಿತು. ನಮ್ಮ ಪಕ್ಕದ ಬೀದಿಯವಳು, ಒಂದು ಕಾಲದಲ್ಲಿ ನನ್ನ ಜೀವದ ಗೆಳತಿ. ಅವಳ ಮನೆಯ ಬೀಗದ ಕೈ ನನ್ನ ಬಳಿ ಇರುತ್ತಿತ್ತು, ನನ್ನದು ಅವಳ ಬಳಿ. ಮೈಸೂರಿನಿಂದ ನನ್ನ ಅಮ್ಮ ಬಂದಿದ್ದಾಗ ನನಗಿಂತ ಅವಳ ಜೊತೆಗೇ ಹೆಚ್ಚು ಹರಟುತ್ತಿದ್ದರು.

ಆ ಅಮ್ಮ ಮೈಸೂರಿನಲ್ಲಿ ತೀರಿಕೊಂಡಾಗ ವೀಸಾ ತೊಡಕಿನಿಂದ ನನಗೆ ಹೋಗಲಾಗಲಿಲ್ಲ. ಇಲ್ಲೇ ಕೂತು ಅತ್ತೆ. ಸಾವಿನ ಮನೆಗೆ ಯಾರನ್ನೂ ಕರೆಯುವುದಿಲ್ಲ. ತಾವಾಗಿ ಬರುತ್ತಾರೆ, ಮಾತಾಡಿಸುತ್ತಾರೆ, ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನದೆ ಸುಮ್ಮನೆ ಎದ್ದು ಹೋಗುತ್ತಾರೆ. ಹೆಸರು ಗೊತ್ತಿಲ್ಲದವರೂ ಬಂದು ಹೋದರು. ಅವಳು ಬರಲಿಲ್ಲ, ಫೋನೂ ಮಾಡಲಿಲ್ಲ. ಆಮೇಲೆ ಅವಳ ಮಗಳ ಮದುವೆಯ ಫೋಟೋಗಳನ್ನು ಯಾರೋ ತೋರಿಸಿದರು. ರೇಷ್ಮೆ ಸೀರೆ, ಬಾಯಿ ತುಂಬ ನಗು. ಅವಳ ಬೀಗದ ಕೈಯನ್ನು ಗಂಡನ ಕೈಲಿ ಕಳಿಸಿಬಿಟ್ಟೆ. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ.

ಕಾಲುದಾರಿ ಮೊದಲು ಒಂದು ಹಳ್ಳಿಯ ಅಂಚಿನಲ್ಲಿ ಸಾಗುತ್ತದೆ. ಒಂದು ಸಣ್ಣ ಚರ್ಚು, ತಂತಿಬೇಲಿಯ ಆಚೆ ಮೇಯುವ ದನಗಳು, ಅಷ್ಟೇ ಊರು. ಆಮೇಲೆ ಕಾಡು ಹೊಕ್ಕು ಹೊಳೆಯ ಕಣಿವೆಗೆ ಇಳಿಯುತ್ತದೆ. ಬೇಟೆಯ ಕಾಲವಾದ್ದರಿಂದ, ಬೇಟೆಗಾರರಿಗೆ ದೂರದಿಂದಲೇ ಕಾಣಲೆಂದು ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡಿದ್ದೆವು. ಊಟದ ಜಾಗ ಬೇಗ ಸೇರುವ ಆತುರದಲ್ಲಿ ಉಳಿದವರು ದಾಪುಗಾಲು ಹಾಕಿ ಮಾಯವಾದರು. ಹಿಂದೆ ಉಳಿದದ್ದು ಮಂಡಿನೋವಿನವರಿಬ್ಬರು: ಮುಂದೆ ಅವಳು, ಕೂಗಿದರೆ ಕೇಳುವಷ್ಟು ಹಿಂದೆ ನಾನು. ಕೂಗುವವರು ಯಾರು?

ದಾರಿ ತಪ್ಪದಿರಲೆಂದು ಮರಗಳಿಗೆ ತಗಡಿನ ಪಟ್ಟಿ ಹೊಡೆದಿರುತ್ತಾರೆ. ನಾನು ಒಂದನ್ನೂ ನೋಡಲಿಲ್ಲ. ಮುಂದೆ ಹೋಗುವವರಿಗೆ ದಾರಿ ಗೊತ್ತಿರುತ್ತದೆ ಎಂದು ನಂಬಿ ನಡೆಯುವ ಜನ ನಾವು. ಕಿತ್ತಳೆ ಜಾಕೆಟ್ ಬಲಕ್ಕೆ ತಿರುಗಿತು, ನಾನೂ ತಿರುಗಿದೆ. ದಾರಿ ಕಿರಿದಾಯಿತು. ಕಾಲ ಕೆಳಗೆ ಕೆಸರು, ಎರಡೂ ಕಡೆ ಬೀಸಣಿಗೆಯಂಥ ಎಲೆಯ ಕುಳ್ಳ ತಾಳೆಗಿಡಗಳು. ಜಾಕೆಟ್ ಬಿರುಸಾಗಿ ನಡೆಯಿತು. ಮಂಡಿಯನ್ನು ಬೈದುಕೊಳ್ಳುತ್ತ ನಾನೂ ಬಿರುಸಾದೆ. ಕೊನೆಗೆ ಹೊಳೆಯ ದಂಡೆಯಲ್ಲಿ ದಾರಿಯೇ ಮುಗಿದುಹೋಯಿತು. ಅವಳು ತಿರುಗಿ ನಿಂತಳು.

“ನೀವ್ಯಾಕೆ ನನ್ ಹಿಂದೇನೇ ಬಂದ್ರಿ?”

ನೀವು! ಅಷ್ಟು ವರ್ಷ ‘ಏನೇ, ಬಾರೇ’ ಎಂದವಳ ಬಾಯಲ್ಲಿ ಅದನ್ನು ಕೇಳಿ ಮೈಯೆಲ್ಲ ಉರಿಯಿತು. ನಿಮಗೆ ದಾರಿ ಗೊತ್ತಿದೆ ಅಂದುಕೊಂಡೆ ಎಂದೆ. ನಾನು ಮುಂದೆ ಹೋಗಲಿ ಎಂದೇ ಅವಳು ಪಕ್ಕದ ದಾರಿ ಹಿಡಿದಿದ್ದಳಂತೆ. ನನ್ನಿಂದ ತಪ್ಪಿಸಿಕೊಳ್ಳಲು ಹೋಗಿ ನನ್ನನ್ನೇ ಬಾಲದಂತೆ ಕಟ್ಟಿಕೊಂಡು ಬಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಬಿದ್ದ ಮರವೊಂದರ ಈ ತುದಿಯಲ್ಲಿ ನಾನು ಕುಳಿತೆ, ಆ ತುದಿಯಲ್ಲಿ ಅವಳು. ಹೊಳೆಯಲ್ಲಿ ಕಂದು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅವಳು ಹೊಳೆಯ ಕಡೆ ಮುಖ ಮಾಡಿಯೇ ಕೇಳಿದಳು.

“ಅಮ್ಮ ಹೋಗುವಾಗ ತುಂಬಾ ಕಷ್ಟಪಟ್ರೇನೇ?”

ಈಗ ಕೇಳುತ್ತೀಯಾ ಎಂದು ಕಿರುಚಬೇಕೆಂದಿದ್ದೆ. ಕಿರುಚಲಿಲ್ಲ. ಇಲ್ಲ, ನಿದ್ದೆಯಲ್ಲೇ ಹೋದರು ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ನಾಲಿಗೆ ನಿಲ್ಲಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಅಮ್ಮ ಕೇಳಿದ್ದು ಅವಳ ಸುದ್ದಿಯನ್ನೇ. ಮಗಳ ಧಾರೆಗೆ ಯಾವ ಬಣ್ಣದ ಸೀರೆ ತೆಗೆದಳು, ಕೇಳಿ ಹೇಳು ಎಂದಿದ್ದರು.

ಅವಳು ಸೆರಗಿಲ್ಲದ ಜಾಕೆಟ್ಟಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು. ಮದುವೆ ಮುಂದಿಟ್ಟುಕೊಂಡು ಸೂತಕದ ಮನೆ ಮೆಟ್ಟಬೇಡ ಎಂದು ಅವಳ ಅತ್ತೆ ತಡೆದಿದ್ದರಂತೆ. ಅಷ್ಟನ್ನು ನಾನೂ ಊಹಿಸಿದ್ದೆ. ಮದುವೆ ಮುಗಿದ ಮೇಲೆ ಏನಾಗಿತ್ತು ಎಂದು ಕೇಳಿದೆ.

“ಬಂದಿದ್ದೆ ಕಣೇ. ನಿಮ್ಮನೆ ಮುಂದೆ ಕಾರಲ್ಲೇ ಕೂತಿದ್ದೆ. ಯಾವ ಮುಖ ಇಟ್ಕೊಂಡು ಬೆಲ್ ಒತ್ತಲಿ?”

ಸಿಟ್ಟು ಪೂರ್ತಿ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ಏಳಲು ಒದ್ದಾಡಿದಾಗ ಕೈ ಕೊಟ್ಟೆ. ಬಂದ ದಾರಿಯಲ್ಲೇ ಹಿಂದಿರುಗಿದೆವು. ಈ ಸಲ ನಾನು ಮುಂದೆ, ಮರಮರದ ಮೇಲೂ ಪಟ್ಟಿ ಹುಡುಕುತ್ತ.

ನಾವು ಊಟದ ಜಾಗ ಸೇರುವ ಹೊತ್ತಿಗೆ ಪುಳಿಯೋಗರೆ ತಳ ಕಂಡಿತ್ತು. ಸಂಜೆ ಕಾರುಗಳ ಬಳಿ ಎಲ್ಲರೂ ಬೈ, ಮುಂದಿನ ವಾರ ಸಿಗೋಣ ಎಂದು ಹೇಳಿಕೊಳ್ಳುತ್ತಿದ್ದರು. ಅವಳೂ ಒಬ್ಬೊಬ್ಬರಿಗೂ ಹೇಳಿದಳು. ಕೊನೆಗೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡು ನಿಂತಳು. ನನಗೆ ಮಾತ್ರ ಹೋಗಿ ಬರ್ತೀನಿ ಎನ್ನಲಿಲ್ಲ. ಸುಮ್ಮನೆ ಹೋಗಿ ಕಾರು ಹತ್ತಿದಳು.