ಅಜ್ಜಿ ಹುಡುಕಿದ ಜಾಂಜ್

ಇವತ್ತು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲಿನಿಂದ ಸ್ಯಾಕ್ಸೊಫೋನ್ ಕೇಳಿಸಿದ್ದೇ ತಡ, ಚಿಕ್ಕಂದಿನ ನಾರಾಯಣಪುರದ ನಮ್ಮ ಕ್ವಾರ್ಟರ್ಸಿಗೆ ಮನಸ್ಸಿನಲ್ಲೇ ಹೋಗಿಬಿಟ್ಟೆ.

ಕಾಲುವೆ ಕೆಲಸದ ಇಂಜಿನಿಯರೊಬ್ಬರು ಅಪ್ಪನಿಗೆ ಎರಡು ಜಾಜ್ ಕ್ಯಾಸೆಟ್ ಕೊಟ್ಟಿದ್ದರು. ಭಜನೆಯ ದೊಡ್ಡ ತಾಳಕ್ಕೆ ನಮ್ಮಲ್ಲಿ ಜಾಂಜ್ ಅನ್ನುತ್ತಾರೆ. ಅಪ್ಪ 'ಜಾಜ್' ಅಂದಾಗ ಅಜ್ಜಿಯ ಕಿವಿಗೆ ಬಿದ್ದದ್ದೂ ಅದೇ.

ಕುಣಿಸುವ ಕ್ಯಾಸೆಟ್ಟಿಗೆ ರೊಟ್ಟಿ ಬಡಿಯುತ್ತಲೇ, "ಜಾಂಜ್ ಛಲೋ ಹೊಡ್ಯಾಕತ್ತಾನ!" ಎಂದಳು. ಮೆಲ್ಲನೆಯದು ಹಾಕಿದಾಗ ಸಿಡುಕಿದಳು: "ಇದ್ರಾಗ ಜಾಂಜೇ ಇಲ್ಲಲ್ಲೋ!"

"ಐತಿ ಬೇ, ಸುಮ್ನ ಕೇಳು," ಎಂದ ಅಪ್ಪ.

ಅಜ್ಜಿ ಹಿಟ್ಟಿನ ಕೈ ನಿಲ್ಲಿಸಿದಳು. ನಾವೂ ಉಸಿರು ಹಿಡಿದೆವು. ಹಾಡಿನ ಹಿಂದೆಲ್ಲೋ ರೇಷ್ಮೆ ಸೀರೆ ಸರಿದಂಥ ಸದ್ದು.

"ಇಂವ ಜಾಂಜ್ ಹೊಡ್ಯಾಂಗಿಲ್ಲೋ, ಸವರ್ತಾನ!" ಎಂದು ಅಜ್ಜಿ ಮಗುವಿನಂತೆ ನಕ್ಕಳು. ಹಂಚಿನ ಮೇಲೆ ರೊಟ್ಟಿ ಕರಕಾಗಿತ್ತು.

ಇವತ್ತು ನನ್ನ ಬಸ್ಸು ಹೊರಟುಹೋಯಿತು. ನಾನಿನ್ನೂ ಜಾಂಜ್ ಹುಡುಕುತ್ತಿದ್ದೆ.